ಮರ ಹತ್ತುವಾಗ ಹಗ್ಗ ಯಾವ ರಿಂಗಿಗೆ? ಬೆನ್ನು, ಸೊಂಟ, ಮುಂಭಾಗ ಮೂರನ್ನೂ ಬಳಸಿ ನೋಡಿದ್ದು

ಮಳೆಗಾಲ ಶುರುವಾಗೋ ಮುಂಚೆ ಬೆಳಗಾವಿಯಲ್ಲಿ ಟೊಂಗೆ ಕಡಿಯುವ ಕೆಲಸ ಜೋರು. ಹಿತ್ತಲಿನ ಮಾವು, ರಸ್ತೆ ಬದಿಯ ಬೇವು, ಹೊಲದ ಬದುವಿನ ಹುಣಸೆ ಎಲ್ಲದಕ್ಕೂ ಕರೆ ಬರುತ್ತದೆ. ನಮ್ಮ ಹುಡುಗರು ಈಗ ಸೇಫ್ಟಿ ಬೆಲ್ಟ್ ಹಾಕದೆ ಹತ್ತುವುದಿಲ್ಲ. ಆದರೆ ಬೆಲ್ಟ್ ಹಾಕಿದರೆ ಸಾಲದು. ಅದರಲ್ಲಿ ನಾಲ್ಕೈದು ರಿಂಗ್ ಇರುತ್ತವೆ, ಒಂದೊಂದಕ್ಕೂ ಒಂದೊಂದು ಕೆಲಸ. ಅದಕ್ಕೇ ಒಂದು ಗಟ್ಟಿ ಬೇವಿನ ಮರಕ್ಕೆ ಹಗ್ಗ ಕಟ್ಟಿ, ನೆಲದಿಂದ ಮೊಣಕಾಲೆತ್ತರದಲ್ಲಿ ಒಂದೊಂದಾಗಿ ಜೋತುಬಿದ್ದು ನೋಡಿದೆವು. ಆಮೇಲೆ ಮರದ ಮೇಲೂ ಬಳಸಿದೆವು.

ಮೊದಲು ಬೆನ್ನಿನ ರಿಂಗ್. ಹಾರ್ಡ್‌ವೇರ್ ಅಂಗಡಿಯಲ್ಲಿ ಸುಲಭವಾಗಿ, ಕಡಿಮೆ ರೇಟಿಗೆ ಸಿಗುವ ಬೆಲ್ಟಿನಲ್ಲಿ ಇರುವುದು ಇದೇ. ಕಟ್ಟಡದ ಕೆಲಸಕ್ಕೆ ಇದು ಒಳ್ಳೆಯದು. ಮರಕ್ಕೆ ನನಗೆ ಹಿಡಿಸಲಿಲ್ಲ. ಜೋತುಬಿದ್ದ ತಕ್ಷಣ ಮೈ ಮುಂದಕ್ಕೆ ವಾಲುತ್ತದೆ, ತೊಡೆ ಪಟ್ಟಿ ಒತ್ತುತ್ತದೆ. ನಮ್ಮ ಹುಡುಗ ಕೂಗಿದ್ದೇ ಅದು: "ಅಣ್ಣಾ, ಹಿಂದ ಕೈ ಮುಟ್ಟವಲ್ದು!" ಕೈಗೆ ಸಿಗದ ಹುಕ್ಕನ್ನು ಬಿಚ್ಚಿಕೊಳ್ಳುವುದು ಹೇಗೆ? ಅಲುಗಾಡದೆ ಹಾಗೇ ನೇತಾಡಿದರೆ ಕಾಲಲ್ಲಿ ರಕ್ತ ನಿಂತು ಪ್ರಜ್ಞೆಯೇ ತಪ್ಪಬಹುದು.

ಅದಕ್ಕಿಂತ ದೊಡ್ಡ ತೊಂದರೆ ಎತ್ತರದ ಲೆಕ್ಕದ್ದು. 1.8 ಮೀಟರ್ ಲ್ಯಾನ್ಯಾರ್ಡನ್ನು (ಬೆಲ್ಟನ್ನು ಮರಕ್ಕೆ ಜೋಡಿಸುವ ಹಗ್ಗ) ಕಾಲಿನ ಮಟ್ಟದಲ್ಲೋ ಸೊಂಟದ ಮಟ್ಟದಲ್ಲೋ ಕಟ್ಟಿ ಬಿದ್ದರೆ ಮೊದಲು ಆ ಉದ್ದ, ಆಮೇಲೆ ಶಾಕ್ ಅಬ್ಸಾರ್ಬರ್ (ಬಿದ್ದ ಏಟು ತಗ್ಗಿಸಲು ಮಡಚಿ ಹೊಲಿದ ಪಟ್ಟಿ) ಹರಿದು ಬಿಚ್ಚಿಕೊಳ್ಳುವ ಉದ್ದ, ಅದರ ಕೆಳಗೆ ನಮ್ಮ ಮೈ ಉದ್ದ. ಎಲ್ಲ ಸೇರಿ ಸುಮಾರು 6 ಮೀಟರ್ ಖಾಲಿ ಜಾಗ ಬೇಕು. ಬೇವಿನ ಮರದಲ್ಲಿ ಅಷ್ಟು ಖಾಲಿ ಜಾಗ ಎಲ್ಲಿದೆ? ಅಬ್ಸಾರ್ಬರ್ ಪೂರ್ತಿ ಬಿಚ್ಚಿಕೊಳ್ಳುವ ಮುಂಚೆ ಕೆಳಗಿನ ಟೊಂಗೆಗೋ ನೆಲಕ್ಕೋ ಬಡಿಯುತ್ತೀರಿ. ಬಕೆಟ್ ಇರುವ ಲಿಫ್ಟ್ ಗಾಡಿಯಲ್ಲಿ ನಿಂತು ಕಡಿಯುವಾಗ ಮಾತ್ರ ಗಿಡ್ಡ ಲ್ಯಾನ್ಯಾರ್ಡ್ ಜೊತೆ ಬೆನ್ನಿನ ರಿಂಗನ್ನೇ ಬಳಸುತ್ತೇನೆ.

ಎರಡನೆಯದು ಸೊಂಟದ ಎರಡು ಬದಿಯ ರಿಂಗ್. ಲ್ಯಾನ್ಯಾರ್ಡನ್ನು ಕಾಂಡಕ್ಕೆ ಸುತ್ತಿ ಒಂದು ತುದಿ ಎಡಕ್ಕೆ, ಇನ್ನೊಂದು ತುದಿ ಬಲಕ್ಕೆ. ಹಿಂದಕ್ಕೆ ಒರಗಿದರೆ ಎರಡೂ ಕೈ ಖಾಲಿ. ಗರಗಸ ಹಿಡಿಯಲು ಇಷ್ಟು ನೆಮ್ಮದಿ ಬೇರೆ ಯಾವುದರಲ್ಲೂ ಇಲ್ಲ. ಆದರೆ ಇದು ಒರಗಿ ನಿಲ್ಲಲು ಇರುವುದು, ಬಿದ್ದರೆ ತಡೆಯಲು ಅಲ್ಲ. ಅರ್ಧ ಮೀಟರಿಗಿಂತ ಜಾಸ್ತಿ ಬೀಳುವಷ್ಟು ಸಡಿಲ ಬಿಡಲೇಬಾರದು. ಒಂದೇ ಬದಿಗೆ ಭಾರ ಹಾಕಿದರೆ ಬೆಲ್ಟ್ ತಿರುಚಿಕೊಂಡು ಸೊಂಟವನ್ನೇ ಒಂದು ಕಡೆ ಎಳೆಯುತ್ತದೆ. ಟೊಂಗೆಯಿಲ್ಲದ ನೆಟ್ಟಗಿನ ಕಾಂಡದಲ್ಲಿ ಕಾಲು ಜಾರಿದರೆ ಸುತ್ತಿದ ಹಗ್ಗ ನಮ್ಮ ಜೊತೆಗೇ ಕೆಳಗೆ ಜಾರುತ್ತದೆ. ಇನ್ನು ಚೈನ್ ಸಾ ಓಡುವುದು ಈ ಹಗ್ಗದ ಪಕ್ಕದಲ್ಲೇ, ಅಲ್ವಾ? ಹಾಗಾಗಿ ಇದೊಂದನ್ನೇ ನಂಬಿ ಯಾರನ್ನೂ ಮೇಲೆ ಕಳಿಸುವುದಿಲ್ಲ. ಚೈನ್ ಸಾ ಚಾಲೂ ಮಾಡುವ ಮುಂಚೆ ಬೇರೆ ಬೇರೆ ಎರಡು ಕಡೆ ಕಟ್ಟಿಕೊಂಡಿರಬೇಕು.

ಮೂರನೆಯದು ಮುಂಭಾಗ. ಮರದ ಕೆಲಸಕ್ಕೇ ಮಾಡಿದ ಹಾರ್ನೆಸ್‌ನಲ್ಲಿ (ಸೊಂಟಕ್ಕೂ ತೊಡೆಗೂ ಕಟ್ಟುವ ಬೆಲ್ಟ್) ಹೊಟ್ಟೆಯ ಮುಂದೆ ಅಡ್ಡಲಾಗಿ ಒಂದು ಗಿಡ್ಡ ಹಗ್ಗ ಇರುತ್ತದೆ, ಅದೇ ಬ್ರಿಜ್. ಅದರ ಮೇಲೆ ಒಂದು ರಿಂಗ್ ಓಡಾಡುತ್ತದೆ. ಮೇಲಿನ ಟೊಂಗೆಯಿಂದ ಬಂದ ಮುಖ್ಯ ಹಗ್ಗ ಇಲ್ಲಿಗೆ. ಜೋಕಾಲಿಯಲ್ಲಿ ಕೂತ ಹಾಗೆ ಭಾರ ಸೊಂಟಕ್ಕೂ ತೊಡೆಗೂ ಹಂಚಿಹೋಗುತ್ತದೆ. ಎಡಕ್ಕೆ ಬಾಗಿದರೆ ರಿಂಗೂ ಎಡಕ್ಕೆ ಬರುತ್ತದೆ. ಗಂಟು ಕಣ್ಣೆದುರೇ ಇರುತ್ತದೆ. ನನ್ನ ಆಯ್ಕೆ ಇದೇ: ಮುಖ್ಯ ಹಗ್ಗ ಬ್ರಿಜ್‌ಗೆ, ಎರಡನೇ ಆಸರೆ ಬದಿಯ ರಿಂಗುಗಳಿಗೆ. ಒಂದೇ ಷರತ್ತು, ಹಗ್ಗ ಕಟ್ಟಿದ ಜಾಗ ತಲೆಗಿಂತ ಮೇಲಿರಬೇಕು, ಹಗ್ಗ ಸಡಿಲ ಬೀಳಬಾರದು. ಇದೂ ಬೀಳುವುದನ್ನು ತಡೆಯಲು ಮಾಡಿದ್ದಲ್ಲ.

ಬ್ರಿಜ್ ಸವೆಯುವ ಸಾಮಾನು. ರಿಂಗ್ ಉಜ್ಜುವ ನಡುಭಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಬೇವಿನ ಅಂಟಿಗೆ ಕೆಮ್ಮಣ್ಣಿನ ಪುಡಿ ಮೆತ್ತಿಕೊಂಡು ಅಲ್ಲಿ ಒರಟಾಗಿರುತ್ತದೆ. ಎಳೆ ಎದ್ದು ನೂಲು ನೂಲಾಗಿದ್ದರೆ, ಕರಗಿದ ಹಾಗೆ ಹೊಳೆಯುತ್ತಿದ್ದರೆ, ಒಂದು ಕಡೆ ತೆಳ್ಳಗಾಗಿದ್ದರೆ ಬದಲಾಯಿಸಿ. ತುದಿಯ ಗಂಟುಗಳನ್ನೂ ದಿನಾ ನೋಡಿ. ರೇಟು ಸಾದಾ ಬೆಲ್ಟಿಗಿಂತ ಹಲವು ಪಟ್ಟು ಜಾಸ್ತಿ, ನಿಜ. ದಿನವೂ ಮರ ಹತ್ತುವವರು ಇದಕ್ಕೇ ದುಡ್ಡು ಕೂಡಿಡಿ ಅನ್ನುತ್ತೇನೆ.

ಎದೆಯ ರಿಂಗ್ ಏಣಿ ಹತ್ತುವವರಿಗೆ ಅನುಕೂಲ. ಮರದಲ್ಲಿ ಕೂತು ಕೆಲಸ ಮಾಡಲು ಆಗುವುದಿಲ್ಲ.

ಯಾವ ರಿಂಗ್ ಆದರೂ ಎರಡು ವಿಷಯ ನೋಡಲೇಬೇಕು. ಬದಿಯ ರಿಂಗಿನ ಪಕ್ಕದಲ್ಲೇ ಗರಗಸ ನೇತುಹಾಕುವ ಲೂಪ್ ಇರುತ್ತದೆ. ಅದು ಸಾಮಾನಿನ ಭಾರಕ್ಕೆ ಮಾತ್ರ, ಮನುಷ್ಯನನ್ನು ತಡೆಯುವುದಿಲ್ಲ. ಹುಕ್ ಎರಡರಲ್ಲೂ ಒಂದೇ ಥರ ಟಕ್ ಅನ್ನುತ್ತದೆ. ಅದಕ್ಕೇ ಸದ್ದು ಕೇಳಿ ಸುಮ್ನಾಗಬೇಡಿ. ಬಗ್ಗಿ ಕಣ್ಣಲ್ಲಿ ನೋಡಿ, ಹೊಸದಾಗಿ ಹಾಕಿದ ಹುಕ್ಕಿನ ಮೇಲೆ ಭಾರ ಹಾಕಿ, ಆಮೇಲಷ್ಟೇ ಮೊದಲಿದ್ದ ಹುಕ್ ಬಿಚ್ಚಿ. ಎರಡನೆಯದು, ಕ್ಯಾರಬೈನರ್ (ಬಾಯಿ ತೆರೆದು ಮುಚ್ಚುವ ಲೋಹದ ಕೊಂಡಿ) ಅಡ್ಡ ತಿರುಗಬಾರದು. ಉದ್ದಕ್ಕೆ 22 ಕಿಲೋನ್ಯೂಟನ್ (ಎಳೆತದ ಅಳತೆ) ತಡೆಯುವುದು ಅಡ್ಡಕ್ಕೆ ಸಾಮಾನ್ಯವಾಗಿ 7 ಅಷ್ಟೇ. ಸ್ಕ್ರೂ ಗೇಟ್ (ತಿರುಪು ತಿರುಗಿಸಿ ಭದ್ರ ಮಾಡುವ ಬಾಯಿ) ತೊಗಟೆಗೆ ಉಜ್ಜಿ ತಾನೇ ಬಿಚ್ಚಿಕೊಳ್ಳಬಹುದು. ಮೂರು ಸಲ ಬೇರೆ ಬೇರೆ ಥರ ಒತ್ತಿ ತಿರುಗಿಸಿದರೆ ಮಾತ್ರ ತೆರೆಯುವ ಆಟೋ ಲಾಕ್ ತಗೊಳ್ಳಿ.

ಅಂಗಡಿಯಲ್ಲಿ ಬಣ್ಣ ನೋಡಬೇಡಿ, ಲೇಬಲ್ ಓದಿ. ನಮ್ಮ ದೇಶದ ಗುರುತು ಐಎಸ್ 3521. ಯುರೋಪಿನ ಗುರುತಿದ್ದರೆ ಇಎನ್ 361 ಬೀಳುವುದನ್ನು ತಡೆಯಲು, 358 ಬದಿಯ ರಿಂಗಿಗೆ, 813 ಕೂತು ಜೋತುಬೀಳುವ ಮುಂಭಾಗಕ್ಕೆ. 361ರ ಹಾರ್ನೆಸ್‌ನಲ್ಲಿ ಬೀಳುವುದನ್ನು ತಡೆಯುವ ರಿಂಗಿನ ಹತ್ತಿರ 'ಎ' ಅಕ್ಷರ ಇರುತ್ತದೆ.