ಶೋಲಾ ಕಾಡಿನ ನಾಳೆಯ ನಕ್ಷೆ: ಕ್ಯೂಜಿಐಎಸ್ಸೋ, ಅರ್ತ್ ಎಂಜಿನ್ನೋ?

ಬಾಬಾಬುಡನ್‌ಗಿರಿ ಸಾಲಿನ ಶೋಲಾ ಕಾಡು (ಎತ್ತರದ ಕಣಿವೆಗಳಲ್ಲಿ ಬೆಳೆಯುವ ಕಾಡು), ಸೆಕೆ ಏರಿದ ಹಾಗೆ ಎಲ್ಲಿ ಉಳಿದೀತು? ಈ ಪ್ರಶ್ನೆ ಇಟ್ಟುಕೊಂಡು ಕ್ಯೂಜಿಐಎಸ್ (ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ತಂತ್ರಾಂಶ), ಗೂಗಲ್ ಅರ್ತ್ ಎಂಜಿನ್ (ಉಪಗ್ರಹ ಚಿತ್ರಗಳನ್ನು ಆನ್‌ಲೈನ್‌ನಲ್ಲೇ ಲೆಕ್ಕ ಹಾಕುವ ವೇದಿಕೆ) ಎರಡರಲ್ಲೂ ಕೆಲಸ ಮಾಡಿ ನೋಡಿದೆ. ನಕ್ಷೆಯ ಇನ್ನೊಂದು ತಂತ್ರಾಂಶ ಆರ್ಕ್‌ಜಿಐಎಸ್ ಕೂಡ ಚೆನ್ನಾಗಿದೆ, ಆದರೆ ಲೈಸೆನ್ಸ್‌ಗೆ ದುಡ್ಡು ಬೇಕು. ಸ್ವಂತ ಕಲಿಕೆಗೆ ಇವೆರಡು ಪುಕ್ಕಟೆ ಸಿಗುವಾಗ ಅದು ಯಾಕೆ, ಅಲ್ವಾ?

ಇಲ್ಲಿಯವರೆಗೆ ಏನಾಗಿದೆ ಅಂತ ನೋಡಲು ಅರ್ತ್ ಎಂಜಿನ್‌ಗೆ ಸಾಟಿಯಿಲ್ಲ. ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಹಳೇ ಚಿತ್ರಗಳು, 2015ರಿಂದೀಚಿನ ಸೆಂಟಿನೆಲ್-2 ಉಪಗ್ರಹದ ಚಿತ್ರಗಳು, ಎಲ್ಲ ಅಲ್ಲೇ ಇವೆ. ಏನನ್ನೂ ಇಳಿಸಿಕೊಳ್ಳಬೇಕಿಲ್ಲ. ಜಾವಾಸ್ಕ್ರಿಪ್ಟ್‌ನಲ್ಲಿ ಕೆಲವು ಸಾಲು ಬರೆದರೆ ಜನವರಿ, ಫೆಬ್ರವರಿಯ ಮೋಡವಿಲ್ಲದ ಚಿತ್ರಗಳನ್ನಷ್ಟೇ ಆರಿಸಿ ಕೊಡುತ್ತದೆ. ಮಳೆಗಾಲದ್ದು ಕೇಳಿದರೆ ಬರೀ ಮೋಡ. ಒಂದು ತೊಡಕು: ಮರದ ನೆರಳಲ್ಲಿ ಬೆಳೆದ ಕಾಫಿ ತೋಟವೂ ಮೇಲಿಂದ ಕಾಡಿನಷ್ಟೇ ಹಸಿರು. ಅದನ್ನು ಜಾಗ ಬಲ್ಲವರೇ ಕೂತು ಬೇರೆ ಮಾಡಬೇಕು.

ಮುಂದಾಗುವುದನ್ನು ಅಂದಾಜು ಮಾಡಲು ಹೊರಟರೆ ಲೆಕ್ಕ ತಿರುವುಮುರುವಾಗುತ್ತದೆ. ಅರ್ತ್ ಎಂಜಿನ್‌ನಲ್ಲಿ ರೆಡಿ ಇರುವ ನಾಸಾದ ಸಿಎಂಐಪಿ6 (ಮುಂದಿನ ಹವಾಮಾನದ ಅಂದಾಜು) ಡೇಟಾದಲ್ಲಿ ಒಂದೊಂದು ಚೌಕವೂ 25 ಕಿ.ಮೀ.ಗಿಂತ ಅಗಲ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ನೆತ್ತಿಗೂ ಬುಡದ ತೋಟಕ್ಕೂ ಒಂದೇ ಉಷ್ಣಾಂಶ! ಶೋಲಾ ಇರುವುದೇ ಎತ್ತರದ ಕಣಿವೆಗಳ ಸಂದಿಯಲ್ಲಿ, ಸುತ್ತ ಹುಲ್ಲುಗಾವಲು. ಆ ಚೌಕದೊಳಗೆ ಅದು ಕಾಣುವುದೇ ಇಲ್ಲ. ವರ್ಲ್ಡ್‌ಕ್ಲಿಮ್ (ಜಗತ್ತಿನ ಹವಾಮಾನದ ನಕ್ಷೆಗಳ ಸಂಗ್ರಹ) ಅಲ್ಲೂ ಇದೆ, ಆದರೆ ಹಳೇ ಆವೃತ್ತಿ, ಅದೂ ಕಳೆದ ಕಾಲದ್ದು.

ಅದಕ್ಕೇ ಕ್ಯೂಜಿಐಎಸ್‌ಗೆ ಬಂದೆ. ವರ್ಲ್ಡ್‌ಕ್ಲಿಮ್ 2.1ರ ಚೌಕ ಸುಮಾರು 1 ಕಿ.ಮೀ. ಉಷ್ಣಾಂಶ, ಮಳೆಯ ಒಂದೊಂದು ಅಂಶಕ್ಕೆ ಒಂದು ನಕ್ಷೆಯ ಹಾಗೆ 19 ಪದರ. 2041–2060ಕ್ಕೆ ಹೊಗೆ ಕಡಿಮೆಯಾದರೆ ಒಂದು, ಹೀಗೇ ಜಾಸ್ತಿಯಾದರೆ ಇನ್ನೊಂದು ಅಂತ ಬೇರೆ ಬೇರೆ ಕಡತಗಳೂ ಸಿಗುತ್ತವೆ. ಅವನ್ನು ಘಟ್ಟದ ಗಡಿಗೆ ಕತ್ತರಿಸಿ, ಶೋಲಾ ಮರಗಳು ಸಿಕ್ಕ ಜಾಗಗಳ ಜೊತೆ ಮ್ಯಾಕ್ಸೆಂಟ್‌ಗೆ (ಒಂದು ಜೀವಿಗೆ ಯಾವ ಜಾಗ ಹೊಂದುತ್ತದೆ ಅಂತ ಅಂದಾಜಿಸುವ ತಂತ್ರಾಂಶ) ಕೊಡಬೇಕು. ಎಲ್ಲ ಪದರಗಳ ಅಡ್ಡಸಾಲು, ಉದ್ದಸಾಲು ಒಂದೇ ಆಗಿರಬೇಕು. ಒಂದು ಸಾಲು ಹೆಚ್ಚುಕಮ್ಮಿಯಾದರೂ ಮ್ಯಾಕ್ಸೆಂಟ್ ಹಟ ಹಿಡಿದು ನಿಲ್ಲುತ್ತದೆ. ಲ್ಯಾಪ್‌ಟಾಪ್ ಫ್ಯಾನ್ ಒಂದೇ ಸಮನೆ ಕೂಗುತ್ತದೆ. ತಾಳ್ಮೆ ಬೇಕು.

ಆದರೂ ವರ್ಲ್ಡ್‌ಕ್ಲಿಮ್ ನಕ್ಷೆಯನ್ನು ಕಣ್ಣುಮುಚ್ಚಿ ನಂಬಬಾರದು. ಹವಾಮಾನ ಕೇಂದ್ರಗಳ ಅಂಕಿ ಹಿಡಿದು ನಡುವಿನ ಜಾಗ ತುಂಬಿದ ನಕ್ಷೆ ಅದು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುವ ಮಳೆ, ಅದೇ ಜಿಲ್ಲೆಯ ಶಿವಮೊಗ್ಗ ಪೇಟೆಯಲ್ಲಿ 1,000ದ ಆಸುಪಾಸು. ಇಷ್ಟು ಏರುಪೇರಿರುವ ಕಡೆ ಮಳೆಯ ಪದರಗಳಿಗಿಂತ ಉಷ್ಣಾಂಶದ ಪದರಗಳ ಮೇಲೇ ನನಗೆ ಭರವಸೆ ಜಾಸ್ತಿ.

ಈಗ ಹಳೆಯ ಕಾಡಿನ ಗಡಿ ಅರ್ತ್ ಎಂಜಿನ್‌ನಲ್ಲಿ ತೆಗೆದು, ಜಿಯೋಟಿಫ್ (ಜಾಗದ ಗುರುತಿರುವ ಚಿತ್ರದ ಕಡತ) ಮಾಡಿ ಕ್ಯೂಜಿಐಎಸ್‌ಗೆ ತರುತ್ತೇನೆ. ಕೋಡ್ ಬರೆದು ಅಭ್ಯಾಸವಿಲ್ಲದವರು ಸೀದಾ ಕ್ಯೂಜಿಐಎಸ್‌ನಿಂದಲೇ ಶುರು ಮಾಡಿ.