ನಾಯಿಗೆ ತುರ್ತು ಚಿಕಿತ್ಸೆ: ಹತ್ತಿರದ ಪಶು ಚಿಕಿತ್ಸಾಲಯವೋ, ಪಟ್ಟಣದ ಕ್ಲಿನಿಕ್ಕೋ, ಹಾಸನದ ಕಾಲೇಜೋ?

ಚಿಕ್ಕಮಗಳೂರಿಗೂ ಬೇಲೂರಿಗೂ ಹೆಚ್ಚುಕಡಿಮೆ ಸಮದೂರದಲ್ಲಿರುವ ನಮ್ಮ ಕಾಫಿ ತೋಟದಲ್ಲಿ ಮೂರು ನಾಯಿಗಳಿವೆ. ಕಳೆದ ನಾಲ್ಕು ವರ್ಷಗಳಲ್ಲಿ ಮೂರೂ ಒಂದೊಂದು ಸಲ ಸಾಯುವ ಸ್ಥಿತಿಗೆ ಹೋಗಿ ಬದುಕಿಕೊಂಡಿವೆ. ಹೀಗಾಗಿ 4 ಕಿ.ಮೀ. ದೂರದ ಸರ್ಕಾರಿ ಪಶು ಚಿಕಿತ್ಸಾಲಯ, 12 ಕಿ.ಮೀ. ದೂರದ ಪಟ್ಟಣದ ಖಾಸಗಿ ಕ್ಲಿನಿಕ್ ಮತ್ತು ಸುಮಾರು 50 ಕಿ.ಮೀ. ಆಚೆಯ ಹಾಸನದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಈ ಮೂರನ್ನೂ ತುರ್ತಿನ ಹೊತ್ತಿನಲ್ಲಿಯೇ ನೋಡುವ ಸಂದರ್ಭ ಒದಗಿತು. ಇವುಗಳಲ್ಲಿ ಯಾವುದು ಒಳ್ಳೆಯದು ಎಂದು ನೆಂಟರಿಷ್ಟರು ಕೇಳುತ್ತಾರೆ. ನಾಯಿಗೆ ಏನಾಗಿದೆ ಎಂದು ತಿಳಿಯದೆ ನಾನು ಅದಕ್ಕೆ ಉತ್ತರ ಹೇಳುವುದಿಲ್ಲ.

ಮೊದಲನೆಯದು ಹಾವಿನ ಕಡಿತ. ಕಾಫಿ ಹಣ್ಣು ಕೊಯ್ಯುವ ಡಿಸೆಂಬರ್ ತಿಂಗಳ ಒಂದು ಸಂಜೆ ಕರಿಯ ಎಂಬ ನಮ್ಮ ನಾಟಿ ನಾಯಿ ತರಗೆಲೆಗಳ ರಾಶಿಗೆ ಮೂತಿ ಹಾಕಿ ಕಚ್ಚಿಸಿಕೊಂಡಿತು. ಅರ್ಧ ಗಂಟೆಯೊಳಗೆ ಅದರ ಮುಖ ಗುರುತು ಸಿಗದಷ್ಟು ಊದಿಕೊಂಡು, ಒಸಡಿನಿಂದ ರಕ್ತ ಜಿನುಗತೊಡಗಿತು. ತೋಟದ ರೈಟರ್ ಮೊಬೈಲಿನಲ್ಲಿ ಹಾವಿನ ಚಿತ್ರ ತೆಗೆದಿದ್ದರು. ಅದು ಕೊಳಕುಮಂಡಲ. ನೇರವಾಗಿ ಹಾಸನಕ್ಕೆ ಹೊರಡಬೇಕೆಂದು ಜೀಪು ತೆಗೆದವನನ್ನು ಚಿಕಿತ್ಸಾಲಯದ ವೈದ್ಯರು ಫೋನಿನಲ್ಲಿಯೇ ತಡೆದರು. ಅವರು ಬಂದು ಬಾಗಿಲು ತೆಗೆಯುವಷ್ಟರಲ್ಲಿ ಪಟ್ಟಣದ ಔಷಧಿ ಅಂಗಡಿಯಿಂದ ಪ್ರತಿವಿಷದ ಸೀಸೆಗಳನ್ನು ತರಲು ನನ್ನ ತಮ್ಮನನ್ನು ಬೈಕಿನಲ್ಲಿ ಓಡಿಸಿದೆವು. ಮನುಷ್ಯರಿಗೆ ಕೊಡುವ ಪ್ರತಿವಿಷವನ್ನೇ ನಾಯಿಗೂ ಕೊಡುತ್ತಾರೆ ಎಂಬುದು ನನಗೆ ಅಂದು ತಿಳಿಯಿತು.

ಅವನು ಬರುವವರೆಗೆ ವೈದ್ಯರು ಮಾಡಿದ ಒಂದು ಕೆಲಸ ನನ್ನ ಕಣ್ಣಿಗೆ ಕಟ್ಟಿದಂತಿದೆ. ಕರಿಯನ ಮುಂಗಾಲಿನಿಂದ ಸ್ವಲ್ಪ ರಕ್ತ ತೆಗೆದು, ಒಣಗಿದ ಗಾಜಿನ ನಳಿಕೆಗೆ ಹಾಕಿ, ಅದನ್ನು ಮೇಜಿನ ಮೇಲೆ ಅಲುಗಾಡದಂತೆ ನಿಲ್ಲಿಸಿ ಗಡಿಯಾರ ನೋಡಿದರು. 20 ನಿಮಿಷದ ಬಳಿಕ ನಳಿಕೆಯನ್ನು ಓರೆ ಮಾಡಿದಾಗ ರಕ್ತ ಹೆಪ್ಪುಗಟ್ಟದೆ ನೀರಿನಂತೆ ಹರಿಯಿತು. ವಿಷ ಮೈಗೇರಿದೆ ಎಂದು ಖಚಿತಪಡಿಸಿಕೊಳ್ಳಲು ಅವರಿಗೆ ಬೇರೆ ಯಂತ್ರವೇನೂ ಬೇಕಾಗಲಿಲ್ಲ. ಪ್ರತಿವಿಷವನ್ನು ಡ್ರಿಪ್ಪಿನಲ್ಲಿ ನಿಧಾನವಾಗಿ ಇಳಿಸುತ್ತ, ಅದು ನಾಯಿಯ ಮೈಗೆ ಒಗ್ಗದೆ ಹೋದರೆ ಬೇಕಾಗುತ್ತದೆಂದು ಅಡ್ರಿನಲಿನ್ ತುಂಬಿದ ಸಿರಿಂಜನ್ನು ಪಕ್ಕದಲ್ಲಿಯೇ ಇರಿಸಿಕೊಂಡು, ರಾತ್ರಿ ಹನ್ನೊಂದರವರೆಗೂ ಅವರು ಸ್ಟೂಲು ಬಿಟ್ಟು ಏಳಲಿಲ್ಲ. ಹಾವಿನ ಚಿತ್ರವೂ ಉಪಯೋಗಕ್ಕೆ ಬಂದಿತು. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲ ಎಂಬ ನಾಲ್ಕರ ವಿಷಕ್ಕೆ ತಯಾರಾದದ್ದು; ಮಲೆನಾಡಿನ ತೋಟಗಳಲ್ಲಿ ಕಾಣಿಸಿಕೊಳ್ಳುವ ಗುಳಿಮಂಡಲಗಳು ಆ ಪಟ್ಟಿಯಲ್ಲಿಲ್ಲ. ಅಂದು ನಾನು ಹಟ ಹಿಡಿದು ಹಾಸನಕ್ಕೇ ಹೊರಟಿದ್ದರೆ, ಬೇಲೂರಿನ ಕಡೆ ಆನೆಗಳು ರಸ್ತೆಗಿಳಿಯುವ ಹೊತ್ತಿನಲ್ಲಿ, ಒಂದು ಗಂಟೆಗೂ ಹೆಚ್ಚು ಕಾಲ ವಿಷ ಏರುತ್ತಿದ್ದ ನಾಯಿಯನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕುಳಿತಿರಬೇಕಾಗುತ್ತಿತ್ತು.

ಎರಡನೆಯ ಪ್ರಸಂಗ ಭಾನುವಾರದ್ದು. ಕಾಫಿ ಗಿಡ ಕೊರೆಯುವ ಬಿಳಿ ಕಾಂಡಕೊರಕ ಹುಳುವಿಗೆಂದು ಕ್ಲೋರ್‌ಪೈರಿಫಾಸ್ ಕೀಟನಾಶಕ ಬೆರೆಸಿದ್ದ ಬಕೆಟ್ಟನ್ನು ಯಾರೋ ತೊಳೆಯದೆ ಬಿಟ್ಟಿದ್ದರು. ಟಾಮಿ ಅದನ್ನು ನೆಕ್ಕಿ, ಬಾಯಿಂದ ಲೋಳೆ ಸುರಿಸುತ್ತ, ತೊಡೆಯ ಮಾಂಸಖಂಡಗಳು ಅದುರುತ್ತಿರಲು ಕಣದ ಮೂಲೆಯಲ್ಲಿ ಬಿದ್ದಿತ್ತು. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗಿತ್ತು. ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಿ ಎಂದು ಲೈನ್ ಮನೆಗಳಲ್ಲಿರುವ ತೋಟದ ಕೆಲಸಗಾರರು ಹೇಳಿದರು. ಅಂಥ ಸ್ಥಿತಿಯಲ್ಲಿ ಕುಡಿಸಿದ್ದು ಶ್ವಾಸಕೋಶಕ್ಕೆ ಹೋಗುತ್ತದೆ, ಉಪ್ಪೇ ಬೇರೊಂದು ವಿಷವಾಗುತ್ತದೆ ಎಂದು ಓದಿ ತಿಳಿದಿದ್ದುದರಿಂದ ನಾನು ಒಪ್ಪಲಿಲ್ಲ. ಆದರೆ ನಾನು ಮಾಡಿದ ತಪ್ಪೂ ಸಣ್ಣದಲ್ಲ: ಫೋನ್ ಮಾಡದೆ ಪಟ್ಟಣದ ಖಾಸಗಿ ಕ್ಲಿನಿಕ್ಕಿಗೆ ಜೀಪು ಓಡಿಸಿದೆ. ಅಲ್ಲಿ ಬೀಗ ಹಾಕಿತ್ತು. ಬೋರ್ಡಿನ ಮೇಲೆ ತುರ್ತು ಸೇವೆಗೆಂದು ಬರೆದಿದ್ದ ಸಂಖ್ಯೆ ಆರು ಸಲ ರಿಂಗಾದರೂ ಯಾರೂ ಎತ್ತಲಿಲ್ಲ. ಬಂದ ದಾರಿಯಲ್ಲಿಯೇ ಹಿಂತಿರುಗಿ ಮತ್ತೆ ಅದೇ ಸರ್ಕಾರಿ ವೈದ್ಯರ ಮನೆಯ ಮುಂದೆ ನಿಂತೆ.

ಅವರ ಬಳಿ ಈ ವಿಷಕ್ಕೆ ಕೊಡುವ ಅಟ್ರೋಪಿನ್ ಇತ್ತು, ಅದೂ ಬೇಕಾದಷ್ಟು. ಸಿಂಪಡಣೆಯಾದ ಹುಲ್ಲು ಮೇಯ್ದ ದನಗಳು ಅವರಲ್ಲಿಗೆ ಬರುತ್ತಲೇ ಇರುವುದರಿಂದ ಆ ಔಷಧಿ ಖಾಲಿಯಾಗಲು ಅವರು ಬಿಡುವುದಿಲ್ಲವಂತೆ. ದನದ ಆಸ್ಪತ್ರೆಯಲ್ಲಿ ನಾಯಿಗೇನು ಸಿಗುತ್ತದೆ ಎಂದು ಮೂಗು ಮುರಿಯುವವರು ಇದನ್ನು ಗಮನಿಸಬೇಕು. ‘ನಾಯಿ ಎಷ್ಟು ತೂಗುತ್ತದೆ?’ ಎಂಬುದು ಅವರ ಮೊದಲ ಪ್ರಶ್ನೆಯಾಗಿತ್ತು. ಕೊಯ್ಲಿನ ಲೆಕ್ಕಕ್ಕೆ ಹಣ್ಣು ತೂಗುವ ತಕ್ಕಡಿಯ ಮೇಲೆ ಹಿಂದಿನ ವಾರವಷ್ಟೇ ಮಕ್ಕಳು ಟಾಮಿಯನ್ನು ಆಟಕ್ಕೆಂದು ನಿಲ್ಲಿಸಿದ್ದರಿಂದ 19 ಕೆ.ಜಿ. ಎಂದು ಥಟ್ಟನೆ ಹೇಳಲು ಸಾಧ್ಯವಾಯಿತು.

ಇಷ್ಟು ಓದಿದವರಿಗೆ ಹತ್ತಿರದ ಚಿಕಿತ್ಸಾಲಯವೇ ಎಲ್ಲದಕ್ಕೂ ಸಾಕೆಂದು ತೋರಬಹುದು. ಲಿಲ್ಲಿಯ ಕಾಯಿಲೆ ಹಾಗಿರಲಿಲ್ಲ. ಒಂಬತ್ತು ವರ್ಷದ ಈ ಲ್ಯಾಬ್ರಡಾರ್ ಬೆದೆ ಮುಗಿದ ಐದಾರು ವಾರಗಳ ಬಳಿಕ ಮಿತಿಮೀರಿ ನೀರು ಕುಡಿಯತೊಡಗಿ, ಅನ್ನ ಬಿಟ್ಟಿತು. ಹತ್ತಿರದ ವೈದ್ಯರು ಹೊಟ್ಟೆ ಮುಟ್ಟಿ ನೋಡಿ, ಗರ್ಭಕೋಶದಲ್ಲಿ ಕೀವು ತುಂಬಿರಬಹುದೆಂದೂ ಅಲ್ಲಿ ಸ್ಕ್ಯಾನಿಂಗ್ ಇಲ್ಲವೆಂದೂ ಹೇಳಿ ಕಳುಹಿಸಿದರು. ಪಟ್ಟಣದ ಮತ್ತೊಂದು ಖಾಸಗಿ ಕ್ಲಿನಿಕ್ಕಿನಲ್ಲಿ ಹತ್ತು ನಿಮಿಷದೊಳಗೆ ಸ್ಕ್ಯಾನ್ ಮಾಡಿ ಅದನ್ನೇ ಖಚಿತಪಡಿಸಿದರು. ಅಚ್ಚುಕಟ್ಟು, ಮಾತಿನ ಸೌಜನ್ಯ ಮತ್ತು ವೇಗದಲ್ಲಿ ಮೂರರ ಪೈಕಿ ಅದಕ್ಕೇ ನನ್ನ ಮೊದಲ ಅಂಕ. ಆದರೆ ವಯಸ್ಸಾದ ನಾಯಿಗೆ ಅರಿವಳಿಕೆ ಕೊಟ್ಟು ಗರ್ಭಕೋಶವನ್ನೇ ತೆಗೆಯಬೇಕಾದ ಈ ಶಸ್ತ್ರಚಿಕಿತ್ಸೆಯನ್ನು ಹಾಸನದಲ್ಲಿ ಮಾಡಿಸುವುದು ಕ್ಷೇಮವೆಂದು ಆ ಕ್ಲಿನಿಕ್ಕಿನ ವೈದ್ಯರೇ ಸಲಹೆ ಕೊಟ್ಟರು. ತಮ್ಮಿಂದಾಗದ್ದನ್ನು ಹಾಗೆ ಒಪ್ಪಿಕೊಳ್ಳುವವರ ಮೇಲೆ ನನಗೆ ನಂಬಿಕೆ ಹೆಚ್ಚು.

ಬೀದರ್‌ನಲ್ಲಿ ಕೇಂದ್ರವಿರುವ ಪಶು ವಿಶ್ವವಿದ್ಯಾಲಯಕ್ಕೆ ಸೇರಿದ ಹಾಸನದ ಕಾಲೇಜು ಕಲಿಸುವ ಸ್ಥಳವಾದ್ದರಿಂದ ಲಿಲ್ಲಿಯ ಸುತ್ತ ಏಳೆಂಟು ವಿದ್ಯಾರ್ಥಿಗಳು ನಿಂತಿದ್ದರು. ಒಂದೇ ಪ್ರಶ್ನೆಗೆ ಮೂವರಿಗೆ ಉತ್ತರಿಸಬೇಕಾಯಿತು. ಆತುರದಲ್ಲಿದ್ದವನಿಗೆ ಇದು ಕಿರಿಕಿರಿ ಎನಿಸಿತಾದರೂ, ಮೂರನೆಯ ಸಲ ಕೇಳಿದ ಹುಡುಗಿಗೆ ಉತ್ತರಿಸುವಾಗಲೇ, ಹಿಂದೊಮ್ಮೆ ಲಿಲ್ಲಿಗೆ ಉಣ್ಣೆ ಜ್ವರ ಬಂದಿದ್ದ ಸಂಗತಿ ನನಗೆ ನೆನಪಾಯಿತು. ಅದರಿಂದಾಗಿ ರಕ್ತ ಪರೀಕ್ಷೆಯಲ್ಲಿ, ಆ ಜ್ವರದಿಂದ ಕಡಿಮೆಯಾಗಬಹುದಾದ, ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ ಎಣಿಕೆಯನ್ನು ವಿಶೇಷವಾಗಿ ನೋಡಿ, ಆ ಬಳಿಕವೇ ಶಸ್ತ್ರಚಿಕಿತ್ಸೆಗೆ ತೆಗೆದುಕೊಂಡರು. ಹೊರಗಿನಿಂದ ತಂದ ಔಷಧಿಗಳೂ ಸೇರಿ ನನಗಾದ ಖರ್ಚು, ಪಟ್ಟಣದ ಕ್ಲಿನಿಕ್ಕಿನಲ್ಲಿ ಅಂದಾಜು ಹೇಳಿದ್ದ ಮೊತ್ತದ ಮೂರರಲ್ಲೊಂದು ಪಾಲು.

1962ಕ್ಕೆ ಕರೆ ಮಾಡಿದರೆ ಬರುವ ಸಂಚಾರಿ ಪಶು ಚಿಕಿತ್ಸಾ ವಾಹನವನ್ನು ಈ ಹೋಲಿಕೆಯಲ್ಲಿ ಸೇರಿಸಿಲ್ಲ. ಹಸು ಕರು ಹಾಕಲಾರದೆ ಒದ್ದಾಡಿದ ದಿನ ಅದು ನಮ್ಮ ಕೊಟ್ಟಿಗೆಗೇ ಬಂದಿತ್ತು. ಆದರೆ ಅದು ಮುಖ್ಯವಾಗಿ ರೈತರ ಜಾನುವಾರುಗಳಿಗೆ ಇರುವ ವ್ಯವಸ್ಥೆ, ನಾಯಿಯನ್ನು ಜೀಪಿನಲ್ಲಿ ಹಾಕಿಕೊಂಡು ನಾವೇ ಹೋಗಬಹುದು. ಇನ್ನು ಬೆಂಗಳೂರು ಹಾಸನದಿಂದಲೇ 180 ಕಿ.ಮೀ.ಗೂ ಹೆಚ್ಚು ದೂರವಿರುವುದರಿಂದ ಅದನ್ನು ನಾನು ತುರ್ತಿನ ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಕೊಳಕುಮಂಡಲದ ವಿಷ ಮೂತ್ರಪಿಂಡಕ್ಕೂ ಹಾನಿ ಮಾಡುವುದರಿಂದ ಕರಿಯನ ರಕ್ತವನ್ನು ಆರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸುತ್ತಿದ್ದೇನೆ. ಅದಕ್ಕೆ ಮಾತ್ರ, ಅಂದು ಬೀಗ ಹಾಕಿದ್ದ ಕ್ಲಿನಿಕ್ಕಿಗೇ ಹೋಗುತ್ತೇನೆ. ಅಲ್ಲಿಯ ಪ್ರಯೋಗಾಲಯ ಚೆನ್ನಾಗಿದೆ, ಮತ್ತು ನಾನು ಹೋಗುವುದು ಸೋಮವಾರ ಬೆಳಿಗ್ಗೆ, ಫೋನ್ ಮಾಡಿಕೊಂಡು.