ಉಪ್ಪಿನಕಾಯಿ ಮುಗಿದ ಮೇಲೆ ಉಳಿದ ರಸ: ಒಗ್ಗಾಣಿಗೋ, ಹಿಟ್ಟಿಗೋ, ಮತ್ತೆ ಜಾಡಿಗೋ?

ಮಾವಿನಕಾಯಿ ಹೋಳು ಖಾಲಿಯಾದರೂ ಜಾಡಿಯ ತಳದಲ್ಲಿ ಖಾರ, ಎಣ್ಣೆ ಉಳಿದೇ ಉಳಿಯುತ್ತೆ. ನಿಂಬೆಕಾಯಿಯದ್ದಾದರೆ ಎಣ್ಣೆಯಿಲ್ಲದ ಮಂದ ರಸ. ಒಂದು ಹೊಂದುವ ಕಡೆ ಇನ್ನೊಂದು ಹೊಂದಲ್ಲ. ಯಾವುದನ್ನೇ ಬಳಸಿ, ಅದನ್ನು ಹುಳಿ ಅಂತಲ್ಲ, ಉಪ್ಪು ಅಂತ ಲೆಕ್ಕ ಹಿಡಿಯಿರಿ. ಅಡುಗೆ ಕೆಡುವುದು ಬಹುತೇಕ ಅಲ್ಲೇ.

ಮಾವಿನಕಾಯಿ ಖಾರಕ್ಕೆ ಒಗ್ಗಾಣಿಯಷ್ಟು ಒಳ್ಳೆ ಜಾಗ ಬೇರೆ ಸಿಗಲಿಲ್ಲ. 100 ಗ್ರಾಂ ಮಂಡಕ್ಕಿಗೆ ಎರಡು ಟೀ ಚಮಚ ಸಾಕು. ಮಂಡಕ್ಕಿ ನೀರಲ್ಲಿ ಅದ್ದಿ ಕೂಡಲೇ ಹಿಂಡಿ ತೆಗೆಯಿರಿ. ಸಾಸಿವೆ, ಹಸಿಮೆಣಸಿನಕಾಯಿ, ಉಳ್ಳಾಗಡ್ಡಿ ಒಗ್ಗರಣೆ ಹಾಕಿ, ಮಂಡಕ್ಕಿ ಕಲಸಿ, ಉರಿ ಆರಿಸಿದ ಮೇಲೆ ಖಾರ ಸೇರಿಸಿ. ಕಾದ ಎಣ್ಣೆಗೆ ಮೊದಲೇ ಸುರಿದರೆ ಅದರಲ್ಲಿರುವ ಸಾಸಿವೆ ಪುಡಿ, ಮೆಂತ್ಯ ಸೀದು ಕಹಿಯಾಗುತ್ತೆ. ಬೇರೆ ಉಪ್ಪು ಹಾಕಲೇಬೇಡಿ, ಮಂಡಕ್ಕಿಯಲ್ಲೇ ಒಂದಿಷ್ಟಿರುತ್ತೆ. ಉಪ್ಪು ಜಾಸ್ತಿ ಅನ್ನಿಸಿದರೆ ಪುಟಾಣಿ ಪುಡಿ ಒಂದು ಚಮಚ ಸೇರಿಸಿ. ಪಕ್ಕದಲ್ಲಿ ಮಿರ್ಚಿ ಇದ್ದರಂತೂ ಖಾರ ಒಂದೇ ಚಮಚಕ್ಕೆ ಇಳಿಸಿ.

ಹಿಟ್ಟಿನ ವಿಷಯಕ್ಕೆ ಬಂದರೆ, ಒಂದು ಲೋಟ ಗೋಧಿ ಹಿಟ್ಟಿಗೆ ಒಂದೂವರೆ ಟೀ ಚಮಚ ಖಾರ ಹಾಕಿ ಕಲಸಿದ ಚಪಾತಿ ಚೆನ್ನಾಗಿರುತ್ತೆ, ಪ್ರಯಾಣಕ್ಕೂ ಆಗುತ್ತೆ. ಹೋಳಿನ ಚೂರು ಉಳಿದಿದ್ದರೆ ಲಟ್ಟಿಸುವಾಗ ಹರಿಯುತ್ತೆ, ಮೊದಲೇ ಕಿವುಚಿ ತೆಗೆಯಿರಿ. ಜೋಳದ ರೊಟ್ಟಿಗೆ ಮಾತ್ರ ಬೇಡ. ಬಿಸಿನೀರಿನಲ್ಲಿ ನಾದಿ ಬರಿಸಿದ ಜಿಗಿಯನ್ನು ಎಣ್ಣೆ ಕೆಡಿಸುತ್ತೆ, ಬಡಿಯುವಾಗ ಅಂಚು ಸೀಳುತ್ತೆ.

ಉಳಿದ ರಸಕ್ಕೆ ಹೊಸ ತರಕಾರಿ ಹಾಕುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ, ಕೆಡುವುದರಲ್ಲೂ ಅದೇ ಮೊದಲು. ಗಜ್ಜರಿಯ ನೀರು ಬಿಟ್ಟುಕೊಂಡು ಉಪ್ಪು, ಹುಳಿ ಎರಡೂ ತೆಳುವಾಗುತ್ತವೆ. ಮೇಲೆ ತೇಲಿದ ಹೋಳಿಗೆ ಬೂಸು ಹಿಡಿಯುತ್ತೆ. ಮಾಡುವುದೇ ಆದರೆ ನಿಂಬೆ ಉಪ್ಪಿನಕಾಯಿಯ ರಸದಲ್ಲಿ ಮಾಡಿ. ಒಂದು ಲೋಟ ರಸಕ್ಕೆ 100 ಗ್ರಾಂ ಮೀರದಂತೆ ಗಜ್ಜರಿ ಹೆಚ್ಚಿ, ಬಟ್ಟೆಯ ಮೇಲೆ ಹರವಿ, ನಮ್ಮ ಬಿಸಿಲಿಗೆ ಎರಡು ತಾಸು ಬಾಡಿಸಿ. ಒಂದು ಟೀ ಚಮಚ ಉಪ್ಪು, ಒಂದು ನಿಂಬೆಹಣ್ಣಿನ ರಸ ಸೇರಿಸಿ, ಹೋಳು ಮುಳುಗಿರುವಂತೆ ಒತ್ತಿ ಫ್ರಿಜ್‌ನಲ್ಲಿಡಿ. ವಾರದೊಳಗೆ ತಿಂದು ಮುಗಿಸಿ, ಆ ರಸವನ್ನು ಮೂರನೇ ಸಲ ಬಳಸಬೇಡಿ. ಹಳೇ ರಸದ ಮೇಲೆ ಬಿಳಿ ಪೊರೆ ಅಥವಾ ಕೊಳೆತ ವಾಸನೆ ಇದ್ದರೆ ಕುದಿಸಿ ಉಳಿಸಲು ಹೋಗದೆ ಚೆಲ್ಲಿ.

ಮಜ್ಜಿಗೆಗೆ ನಿಂಬೆ ಉಪ್ಪಿನಕಾಯಿಯ ರಸ ಲೋಟಕ್ಕೆ ಅರ್ಧ ಚಮಚ, ಅಷ್ಟೇ. ಬಿಪಿ ಇರುವವರಿಗೆ ಅದೂ ಬೇಡ.

ತಾಮ್ರದ ತಂಬಿಗೆ ತಿಕ್ಕಲು ನಿಂಬೆ ರಸ ನಡೆಯುತ್ತೆ: ಹುಳಿ, ಉಪ್ಪು ಕೂಡಿ ಕಪ್ಪು ಬಿಡಿಸುತ್ತವೆ. ಹಾಗೇ ಬಿಟ್ಟರೆ ಹಸಿರು ಕಿಲುಬು ಕಟ್ಟುತ್ತೆ, ತಿಕ್ಕಿದ ಕೂಡಲೇ ತೊಳೆಯಿರಿ. ಆದರೂ ಹುಣಸೆಹಣ್ಣೇ ವಾಸಿ, ಅದರಲ್ಲಿ ಖಾರದ ಪುಡಿ ಕೈ ಉರಿಸಲ್ಲ.

ಗಿಡದ ಬುಡಕ್ಕೆ ಸುರಿಯುವುದಂತೂ ಬೇಡವೇ ಬೇಡ. ಗಂಗಾವತಿ, ಸಿಂಧನೂರು ಕಡೆ ಸವಳು ನೆಲ ಕಂಡವರಿಗೆ ಉಪ್ಪು ಬೇರಿಗೆ ಏನು ಮಾಡುತ್ತೆ ಅಂತ ಹೇಳಬೇಕಿಲ್ಲ. ಕುಂಡದಲ್ಲಿ ಅದು ಹರಿದುಹೋಗಲು ದಾರಿಯೂ ಕಡಿಮೆ.